ಮಾಹಿತಿ ವಿಜ್ಞಾನ ಎಂಜಿನಿಯರಿಂಗ್ ಪದವಿ: ವಿಟಿಯು ವ್ಯಾಸಂಗಕ್ರಮ

ಮಾಹಿತಿ ವಿಜ್ಞಾನ ಎಂಜಿನಿಯರಿಂಗ್ ಎಂಬುದು ಮಾಹಿತಿಯನ್ನು ಕಂಪ್ಯೂಟರಿನಲ್ಲಿ ಸಂಗ್ರಹಿಸುವ, ಹುಡುಕಿ ತೆಗೆಯುವ, ಸಾಗಿಸುವ ಮತ್ತು ಕಾಪಾಡುವ ವಿಧಾನಗಳನ್ನು ಕಲಿಸುವ ನಾಲ್ಕು ವರ್ಷಗಳ ಬಿ.ಇ. ಪದವಿ. ಕರ್ನಾಟಕದಲ್ಲಿ ಇದನ್ನು ಮುಖ್ಯವಾಗಿ ನೀಡುವುದು ಬೆಳಗಾವಿಯಲ್ಲಿ ಕೇಂದ್ರ ಕಚೇರಿಯುಳ್ಳ, 1998ರಲ್ಲಿ ಸ್ಥಾಪನೆಯಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ (ವಿಟಿಯು). ವಿದ್ಯಾರ್ಥಿಗಳ ಬಾಯಲ್ಲಿ ಇದು ‘ಐಎಸ್’ ಅಥವಾ ‘ಐಎಸ್‌ಇ’. ಪದವಿ ಪಡೆದವರು ಸೇರುವ ಗ್ರಂಥಾಲಯ ಮತ್ತು ಮಾಹಿತಿ ವಿಜ್ಞಾನ ಕೋರ್ಸು ಬೇರೆಯೇ ವಿದ್ಯಾಶಾಖೆ.

ಪಿಯುಸಿಯಲ್ಲಿ ಭೌತಶಾಸ್ತ್ರ ಮತ್ತು ಗಣಿತ ಓದಿರಲೇಬೇಕು. ಮೂರನೆಯ ವಿಷಯವಾಗಿ ರಸಾಯನಶಾಸ್ತ್ರದ ಬದಲು ಕಂಪ್ಯೂಟರ್ ಸೈನ್ಸ್, ಎಲೆಕ್ಟ್ರಾನಿಕ್ಸ್ ಮುಂತಾದವೂ ನಡೆಯುತ್ತವೆ. ಸಾಮಾನ್ಯ ವರ್ಗದವರಿಗೆ ಈ ವಿಷಯಗಳಲ್ಲಿ ಒಟ್ಟು ಶೇ. 45, ಮೀಸಲಾತಿ ವರ್ಗದವರಿಗೆ ಶೇ. 40 ಅಂಕ ಬೇಕು. ಸರ್ಕಾರಿ ಕೋಟಾದ ಸೀಟು ಸಿಇಟಿ ರ‍್ಯಾಂಕಿನ ಮೇಲೆ ಸಿಗುತ್ತದೆ. ರ‍್ಯಾಂಕ್ ಲೆಕ್ಕಕ್ಕೆ ಪಿಯುಸಿ ಅಂಕವೂ ಸಿಇಟಿ ಅಂಕವೂ ಅರ್ಧರ್ಧ. ಹೊರನಾಡು ಮತ್ತು ಗಡಿನಾಡು ಕನ್ನಡಿಗರೆಂದು ಸೀಟು ಕೇಳುವವರು 50 ಅಂಕಗಳ ಕನ್ನಡ ಭಾಷಾ ಪರೀಕ್ಷೆಯನ್ನೂ ಬರೆದು ಕನಿಷ್ಠ 12 ಅಂಕ ಗಳಿಸಬೇಕು. ಡಿಪ್ಲೊಮಾ ಮುಗಿಸಿದವರು ನೇರವಾಗಿ ಎರಡನೇ ವರ್ಷಕ್ಕೆ ಸೇರುತ್ತಾರೆ.

ಪದವಿಗೆ ಬೇಕಾದ ಒಟ್ಟು ಕ್ರೆಡಿಟ್ 2022ರ ಸ್ಕೀಮಿನಲ್ಲಿ, ಅಂದರೆ ಆ ವರ್ಷದ ಪಠ್ಯಕ್ರಮದಲ್ಲಿ, 160. ಹಿಂದಿನ 2018ರ ಸ್ಕೀಮಿನಲ್ಲಿ ಇದು 175 ಇತ್ತು. ವಾರಕ್ಕೆ ಒಂದು ಗಂಟೆಯ ಪಾಠ ಸೆಮಿಸ್ಟರ್ ಪೂರ್ತಿ ನಡೆದರೆ ಒಂದು ಕ್ರೆಡಿಟ್. ಲ್ಯಾಬ್ ಆದರೆ ಅದಕ್ಕೆ ಎರಡು ಗಂಟೆ ಬೇಕು. ಪ್ರತಿ ವಿಷಯದ 100 ಅಂಕಗಳಲ್ಲಿ 50 ಇಂಟರ್ನಲ್ಸಿಗೆ, 50 ಸೆಮಿಸ್ಟರ್ ಕೊನೆಯ ಪರೀಕ್ಷೆಗೆ. ಇಂಟರ್ನಲ್ಸಿನಲ್ಲಿ ಕನಿಷ್ಠ 20, ಪರೀಕ್ಷೆಯಲ್ಲಿ 18 ಬರಬೇಕು, ಎರಡೂ ಕೂಡಿ 40 ಆಗಬೇಕು. ಇಷ್ಟಾಗದಿದ್ದರೆ ಆ ವಿಷಯ ‘ಬ್ಯಾಕ್’ ಉಳಿಯುತ್ತದೆ.

ಮೊದಲ ವರ್ಷ ಫಿಸಿಕ್ಸ್ ಸೈಕಲ್, ಕೆಮಿಸ್ಟ್ರಿ ಸೈಕಲ್ ಎಂದು ಎರಡು ಪಾಳಿಯಲ್ಲಿ ನಡೆಯುತ್ತದೆ. ಗಣಿತ, ವಿಜ್ಞಾನ, ಡ್ರಾಯಿಂಗ್ ಮತ್ತು ಸಿ ಭಾಷೆಯ ಪ್ರೋಗ್ರಾಮಿಂಗ್ ಈ ವರ್ಷದ ಪಾಠಗಳು. ಕನ್ನಡ ಬಲ್ಲವರಿಗೆ ‘ಸಾಂಸ್ಕೃತಿಕ ಕನ್ನಡ’, ಬಾರದವರಿಗೆ ‘ಬಳಕೆ ಕನ್ನಡ’ ಒಂದು ಕ್ರೆಡಿಟ್ಟಿನ ವಿಷಯ. ಒಂದೇ ಕ್ರೆಡಿಟ್ ಎಂದು ಇದನ್ನು ಕಡೆಗಣಿಸುವುದುಂಟು. ಆದರೆ ಬೇರೆ ರಾಜ್ಯಗಳಿಂದ ಬಂದು ನಾಲ್ಕು ವರ್ಷ ಇಲ್ಲಿ ಬಾಳುವ ಮಕ್ಕಳಿಗೆ ಇಡೀ ವರ್ಷದಲ್ಲಿ ದಿನವೂ ಉಪಯೋಗಕ್ಕೆ ಬರುವ ಪಾಠ ಇದೇ.

ಎರಡನೇ ವರ್ಷದಿಂದ ಶಾಖೆಯ ಓದು ಶುರು. ಡಿಜಿಟಲ್ ವಿನ್ಯಾಸ ಮತ್ತು ಕಂಪ್ಯೂಟರ್ ರಚನೆ, ಆಪರೇಟಿಂಗ್ ಸಿಸ್ಟಮ್, ಡೇಟಾ ಸ್ಟ್ರಕ್ಚರ್ಸ್, ಅಲ್ಗಾರಿದಮ್, ಡೇಟಾಬೇಸ್, ಮೈಕ್ರೋಕಂಟ್ರೋಲರ್, ಜೊತೆಗೆ ಸಂಭವನೀಯತೆ ಮತ್ತು ಸಂಖ್ಯಾಶಾಸ್ತ್ರದ ಗಣಿತ. 2022ರ ಸ್ಕೀಮಿನಲ್ಲಿ ಈ ವಿಷಯಗಳು ಕಂಪ್ಯೂಟರ್ ಸೈನ್ಸ್ ಶಾಖೆಯವೇ. ಪ್ರಶ್ನೆಪತ್ರಿಕೆಯ ಕೋಡ್ ಕೂಡ ಅದರದ್ದೇ. ನಾಲ್ಕನೇ ಸೆಮಿಸ್ಟರಿನಲ್ಲಿ ಡಿಸ್ಕ್ರೀಟ್ ಗಣಿತ, ಗ್ರಾಫ್ ಸಿದ್ಧಾಂತ, ಆಪ್ಟಿಮೈಸೇಶನ್, ಲೀನಿಯರ್ ಆಲ್ಜೀಬ್ರಾ ಇವುಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಡಿಸ್ಕ್ರೀಟ್ ಗಣಿತವನ್ನು ಆಯ್ಕೆಗೆ ಬಿಟ್ಟಿದ್ದು ಸರಿಯಾದ ತೀರ್ಮಾನವಲ್ಲ. ಅಲ್ಗಾರಿದಮ್ ಮತ್ತು ಐದನೇ ಸೆಮಿಸ್ಟರಿನ ಥಿಯರಿ ಆಫ್ ಕಂಪ್ಯುಟೇಶನ್ ಎರಡೂ ಅದರ ಮೇಲೆ ನಿಂತಿವೆ.

ಶಾಖೆಯ ಸ್ವಂತ ಚಹರೆ ಚೆನ್ನಾಗಿ ಕಾಣುತ್ತಿದ್ದದ್ದು 2018ರ ಸ್ಕೀಮಿನ ಆರನೇ ಸೆಮಿಸ್ಟರಿನಲ್ಲಿ, ‘ಫೈಲ್ ಸ್ಟ್ರಕ್ಚರ್ಸ್’ ಮತ್ತು ‘ಸಾಫ್ಟ್‌ವೇರ್ ಟೆಸ್ಟಿಂಗ್’ ಎಂಬ ಎರಡು ವಿಷಯಗಳಲ್ಲಿ.

ಫೈಲ್ ಸ್ಟ್ರಕ್ಚರ್ಸ್ ಲ್ಯಾಬಿನಲ್ಲಿ ವಿದ್ಯಾರ್ಥಿಗಳು ಸಿ ಪ್ಲಸ್ ಪ್ಲಸ್ ಭಾಷೆಯಲ್ಲಿ ತಮ್ಮದೇ ತರಗತಿಯ ದಾಖಲೆಗಳನ್ನು ಫೈಲಿಗೆ ಬರೆದು ಓದುತ್ತಿದ್ದರು. ಒಬ್ಬೊಬ್ಬರ ಯುಎಸ್‌ಎನ್, ಹೆಸರು, ಶಾಖೆ, ಸೆಮಿಸ್ಟರ್ ಒಂದು ದಾಖಲೆ; ಒಂದೊಂದು ಅಂಶದ ನಡುವೆ ಒಂದು ನಿಲುಗೆರೆ. ಯುಎಸ್‌ಎನ್ ಎಂದರೆ ವಿಟಿಯು ನೋಂದಣಿ ಸಂಖ್ಯೆ: ವಲಯದ ಅಂಕಿ, ಕಾಲೇಜಿನ ಎರಡಕ್ಷರ, ಸೇರಿದ ವರ್ಷ, ಶಾಖೆಯ ಎರಡಕ್ಷರ, ಕೊನೆಗೆ ಮೂರಂಕಿಯ ಕ್ರಮಸಂಖ್ಯೆ. ಇಬ್ಬರಿಗೆ ಒಂದೇ ಯುಎಸ್‌ಎನ್ ಇರುವುದಿಲ್ಲವಾದ್ದರಿಂದ ಹುಡುಕಾಟಕ್ಕೆ ಅದೇ ಕೀಲಿ. ಎಲ್ಲ ದಾಖಲೆಗೂ ಒಂದೇ ಉದ್ದ ಕೊಟ್ಟರೆ ಚಿಕ್ಕ ಹೆಸರುಗಳಲ್ಲಿ ಜಾಗ ಪೋಲು. ಬೇಕಾದಷ್ಟೇ ಉದ್ದ ಕೊಟ್ಟರೆ, ಹೆಸರು ತಿದ್ದಿ ಉದ್ದವಾದಾಗ ಹಳೆಯ ಜಾಗದಲ್ಲಿ ಹಿಡಿಸುವುದಿಲ್ಲ. ಅಳಿಸಿದ ದಾಖಲೆ ಬಿಟ್ಟುಹೋದ ಖಾಲಿ ಜಾಗವನ್ನು ಪಟ್ಟಿಮಾಡಿಟ್ಟು ಮತ್ತೆ ಬಳಸಬೇಕು. ಯುಎಸ್‌ಎನ್‌ಗಳನ್ನು ಕ್ರಮವಾಗಿ ಜೋಡಿಸಿದ ಸೂಚಿಯೊಂದಿದ್ದರೆ ಸಾವಿರ ದಾಖಲೆಗಳಲ್ಲಿ ಬೇಕಾದದ್ದು ಹತ್ತೇ ಹೋಲಿಕೆಗಳಲ್ಲಿ ಸಿಗುತ್ತದೆ. ಸೂಚಿ ಮೆಮೊರಿಯಲ್ಲಿ ಹಿಡಿಸದಷ್ಟು ಬೆಳೆದಾಗ ಬಿ-ಟ್ರೀ, ಹ್ಯಾಶಿಂಗ್ ಬೇಕಾಗುತ್ತವೆ. ಡೇಟಾಬೇಸ್ ತಂತ್ರಾಂಶಗಳ ಒಳಗೆ ನಡೆಯುವ ಕೆಲಸವನ್ನು ವಿದ್ಯಾರ್ಥಿ ಇಲ್ಲಿ ಸ್ವತಃ ಮಾಡಿ ತಿಳಿಯುತ್ತಿದ್ದ.

ಟೆಸ್ಟಿಂಗ್ ಲ್ಯಾಬಿನ ಹೆಸರಾಂತ ಅಭ್ಯಾಸ ತ್ರಿಭುಜದ್ದಾಗಿತ್ತು. ಮೂರು ಬಾಹುಗಳ ಅಳತೆ ಕೊಟ್ಟರೆ ತ್ರಿಭುಜ ಯಾವ ಬಗೆಯದೆಂದು ಪ್ರೋಗ್ರಾಮ್ ಹೇಳಬೇಕು. ಅಳತೆ 1ರಿಂದ 200ರವರೆಗೆ ಇರಬಹುದಾದರೆ, ಒಂದೊಂದೇ ಬಾಹುವಿಗೆ 1, 2, 199, 200 ಕೊಟ್ಟು ಉಳಿದೆರಡನ್ನು 100ಕ್ಕೆ ಇಡಬೇಕು. ಮೂರೂ 100 ಇರುವ ಪರೀಕ್ಷೆಯೂ ಸೇರಿ ಒಟ್ಟು 13. ಇವುಗಳಲ್ಲಿ 200, 100, 100 ಎಂಬುದು ತ್ರಿಭುಜವೇ ಅಲ್ಲ, ಏಕೆಂದರೆ ಎರಡು ಬಾಹುಗಳ ಮೊತ್ತ ಮೂರನೆಯದಕ್ಕಿಂತ ಹೆಚ್ಚಿರಬೇಕು. ಅವಸರದಲ್ಲಿ ಬರೆದ ಕೋಡ್ ಇಲ್ಲಿಯೇ ಎಡವುತ್ತದೆ.

2022ರ ಸ್ಕೀಮಿನಲ್ಲಿ ಮೂರನೇ ವರ್ಷದ ಉಳಿದ ಮುಖ್ಯ ವಿಷಯಗಳು ಕಂಪ್ಯೂಟರ್ ನೆಟ್‌ವರ್ಕ್, ಸಾಫ್ಟ್‌ವೇರ್ ಎಂಜಿನಿಯರಿಂಗ್ ಮತ್ತು ಮೆಷಿನ್ ಲರ್ನಿಂಗ್. ಕೊನೆಯ ವರ್ಷ ಪ್ರಾಜೆಕ್ಟ್ ಇದೆ, 2022ರ ಸ್ಕೀಮಿನಲ್ಲಿ 14ರಿಂದ 20 ವಾರಗಳ ಇಂಟರ್ನ್‌ಶಿಪ್ ಕೂಡ ಇದೆ. ಇವಲ್ಲದೆ ಸಂವಿಧಾನ, ಪರಿಸರ ಅಧ್ಯಯನ, ಜೀವಶಾಸ್ತ್ರ, ಮಾನವೀಯ ಮೌಲ್ಯಗಳೂ ಪಠ್ಯದಲ್ಲಿವೆ. ಯೋಗ, ಕ್ರೀಡೆ, ಎನ್‌ಎಸ್‌ಎಸ್ ಇವುಗಳಲ್ಲಿ ಒಂದಕ್ಕೆ ಕ್ರೆಡಿಟ್ ಇಲ್ಲದಿದ್ದರೂ ಹಾಜರಾತಿ ಕಡ್ಡಾಯ.

ಬಹಳಷ್ಟು ಮಂದಿ ಕೊನೆಯಲ್ಲಿ ಪರದಾಡುವುದು ಎಐಸಿಟಿಇ ಚಟುವಟಿಕೆ ಅಂಕಗಳಿಗಾಗಿ. ಸಮುದಾಯದ ಕೆಲಸಗಳಲ್ಲಿ ತೊಡಗಿ ಇವನ್ನು 100 ಗಳಿಸಬೇಕು, ಡಿಪ್ಲೊಮಾದಿಂದ ಬಂದವರು 75. ಸಿಜಿಪಿಎಗೆ ಇವು ಸೇರುವುದಿಲ್ಲ. ಆದರೆ ಪೂರೈಸದಿದ್ದರೆ ಎಂಟನೇ ಸೆಮಿಸ್ಟರಿನ ಗ್ರೇಡ್ ಕಾರ್ಡ್ ಕೈಗೆ ಬರುವುದಿಲ್ಲ. ಮೊದಲ ವರ್ಷದಿಂದಲೇ ಹಂಚಿಕೊಂಡು ಮಾಡಿದರೆ ಹೊರೆ ಎನಿಸದು.

ಆರ್‌ವಿ, ಬಿಎಂಎಸ್, ರಾಮಯ್ಯ ಮುಂತಾದ ಸ್ವಾಯತ್ತ ಕಾಲೇಜುಗಳು ವಿಟಿಯು ಚೌಕಟ್ಟಿನೊಳಗೆ ಪಠ್ಯವನ್ನು ತಾವೇ ರೂಪಿಸಿಕೊಳ್ಳುತ್ತವೆ. ವಿದ್ಯಾರ್ಥಿಗೆ ಅನ್ವಯವಾಗುವುದು ತಾನು ಸೇರಿದ ವರ್ಷದ ಸ್ಕೀಮ್ ಮಾತ್ರ. ಆದ್ದರಿಂದ ಹಿರಿಯರ ನೋಟ್ಸ್ ನೆಚ್ಚಿಕೊಳ್ಳುವ ಮೊದಲು ಅದರ ಮೇಲಿನ ಸ್ಕೀಮ್ ವರ್ಷವನ್ನೂ ವಿಷಯದ ಕೋಡನ್ನೂ ತಾಳೆ ನೋಡಿಕೊಳ್ಳಬೇಕು.