ದ್ರವ್ಯದ ಕಣಗಳು, ಸ್ಥಿತಿಗಳು ಮತ್ತು ಆವಿಯಾಗುವಿಕೆ: ಶಿಕ್ಷಕರಿಗೆ ಹಾಗೂ ಪೋಷಕರಿಗೆ ಮಾಹಿತಿ

1. ಪೀಠಿಕೆ

ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ತಾಲ್ಲೂಕುಗಳನ್ನು ಒಳಗೊಂಡ ರಾಮನಗರ ಜಿಲ್ಲೆಯು 2007ರಲ್ಲಿ ರಚನೆಯಾಯಿತು. 2025ರಲ್ಲಿ ಇದಕ್ಕೆ ಬೆಂಗಳೂರು ದಕ್ಷಿಣ ಜಿಲ್ಲೆ ಎಂದು ಮರುನಾಮಕರಣ ಮಾಡಲಾಗಿದೆ. ರೇಷ್ಮೆ ಗೂಡು, ಅರಗಿನ ಬಣ್ಣದ ಆಟಿಕೆ ಹಾಗೂ ರಾಗಿ ಬೇಸಾಯವು ಈ ಭಾಗದ ಅನೇಕ ಕುಟುಂಬಗಳ ಜೀವನಾಧಾರವಾಗಿವೆ. ಇವೆಲ್ಲವುಗಳಲ್ಲಿಯೂ ನೀರು ಒಣಗುವ ಅಥವಾ ಶಾಖಕ್ಕೆ ವಸ್ತುವು ಸ್ಥಿತಿ ಬದಲಿಸುವ ಕ್ರಿಯೆ ಅಡಗಿದೆ. ವಿಜ್ಞಾನ ಪಠ್ಯದಲ್ಲಿ ಬರುವ ಕಣಗಳು, ಸ್ಥಿತಿಗಳು ಮತ್ತು ಆವಿಯಾಗುವಿಕೆಯನ್ನು ಈ ಪರಿಚಿತ ಕೆಲಸಗಳ ಮೂಲಕ ಬೋಧಿಸಲು ನೆರವಾಗುವ ಮಾಹಿತಿಯನ್ನು ಇಲ್ಲಿ ನೀಡಲಾಗಿದೆ.

2. ಮೂಲ ಪರಿಕಲ್ಪನೆಗಳು

ಅ) ಎಲ್ಲಾ ದ್ರವ್ಯವೂ ಅತಿ ಸೂಕ್ಷ್ಮವಾದ ಕಣಗಳಿಂದ ಕೂಡಿದೆ. ಕಣಗಳು ಸದಾ ಚಲನೆಯಲ್ಲಿದ್ದು, ಒಂದನ್ನೊಂದು ಆಕರ್ಷಿಸುತ್ತವೆ.

ಆ) ಘನದಲ್ಲಿ ಕಣಗಳು ತಮ್ಮ ಸ್ಥಾನದಲ್ಲಿಯೇ ಕಂಪಿಸುತ್ತವೆ. ದ್ರವದಲ್ಲಿ ಹತ್ತಿರವಿದ್ದರೂ ಒಂದರ ಪಕ್ಕದಿಂದ ಇನ್ನೊಂದು ಸರಿದಾಡುತ್ತವೆ. ಅನಿಲದಲ್ಲಿ ಬಹಳ ದೂರ ದೂರವಿದ್ದು ಎಲ್ಲಾ ದಿಕ್ಕಿಗೂ ಹರಡುತ್ತವೆ.

ಇ) ದ್ರವದ ಎಲ್ಲಾ ಕಣಗಳ ವೇಗವೂ ಒಂದೇ ಆಗಿರುವುದಿಲ್ಲ. ಮೇಲ್ಮೈಯಲ್ಲಿರುವ ವೇಗದ ಕಣಗಳು ಇತರ ಕಣಗಳ ಸೆಳೆತವನ್ನು ಮೀರಿ ಗಾಳಿಗೆ ಸೇರುವುದೇ ಆವಿಯಾಗುವಿಕೆ. ಇದು ಯಾವುದೇ ತಾಪಮಾನದಲ್ಲಿ ನಡೆಯಬಲ್ಲದು. ಕುದಿಯುವಿಕೆಯಾದರೋ ನಿರ್ದಿಷ್ಟ ತಾಪಮಾನದಲ್ಲಿ, ದ್ರವದ ಒಳಭಾಗದಲ್ಲಿಯೂ ನಡೆಯುತ್ತದೆ.

ಈ) ವೇಗದ ಕಣಗಳು ಹೊರಟುಹೋದ ನಂತರ ಉಳಿದ ದ್ರವವು ತಂಪಾಗುತ್ತದೆ. ಮಣ್ಣಿನ ಮಡಕೆಯ ನೀರು ಬೇಸಿಗೆಯಲ್ಲಿ ತಣ್ಣಗಿರಲು ಇದೇ ಕಾರಣ.

3. ರೇಷ್ಮೆ ಗೂಡು: ಉಳಿದ 600 ಗ್ರಾಂ ಎಲ್ಲಿ ಹೋಯಿತು?

ರಾಮನಗರದ ರೇಷ್ಮೆ ಗೂಡಿನ ಮಾರುಕಟ್ಟೆಯು ಏಷ್ಯಾದ ದೊಡ್ಡ ಗೂಡಿನ ಮಾರುಕಟ್ಟೆಗಳಲ್ಲಿ ಒಂದೆಂದು ಹೆಸರಾಗಿದೆ. ಇಲ್ಲಿಗೆ ರೈತರು ತರುವ ಹಸಿ ಗೂಡಿನೊಳಗೆ ಹುಳುವು ಕೋಶಾವಸ್ಥೆಯಲ್ಲಿ ಜೀವಂತವಾಗಿರುತ್ತದೆ. ಗೂಡಿನ ತೂಕದ ಬಹುಪಾಲು ಈ ಹುಳುವಿನದು. ಹುಳುವಿನ ತೂಕದ ಬಹುಪಾಲು ನೀರು. ಹಸಿ ಗೂಡನ್ನು ಬಿಸಿ ಗಾಳಿಯಲ್ಲಿ ಪೂರ್ಣವಾಗಿ ಒಣಗಿಸಿದಾಗ ಅದರ ತೂಕವು ಮೊದಲಿನ ತೂಕದ ಸುಮಾರು ಶೇಕಡಾ 40ಕ್ಕೆ ಇಳಿಯುತ್ತದೆ. ಅಂದರೆ 1 ಕಿಲೋಗ್ರಾಂ ಹಸಿ ಗೂಡು ಸುಮಾರು 400 ಗ್ರಾಂ ಆಗುತ್ತದೆ.

ಒಳ್ಳೆಯ ಗೂಡಿನಲ್ಲಿ ಕಣ್ಣಿಗೆ ಕಾಣುವ ತೂತು ಇರುವುದಿಲ್ಲ. ನೀರು ಸೋರಿದ ಗುರುತೂ ಇರುವುದಿಲ್ಲ. ಹಾಗಿದ್ದರೂ 600 ಗ್ರಾಂ ಇಲ್ಲವಾಗಿದೆ. ತರಗತಿಯಲ್ಲಿ ಪಾಠವನ್ನು ಈ ಪ್ರಶ್ನೆಯಿಂದಲೇ ಆರಂಭಿಸುವುದು ಸೂಕ್ತ. "ನೀರು ಇಂಗಿಹೋಯಿತು", "ಬಿಸಿಗೆ ಸುಟ್ಟುಹೋಯಿತು", "ಇಲ್ಲವಾಯಿತು" ಎಂಬ ಉತ್ತರಗಳು ಬರಬಹುದು. ಮಕ್ಕಳ ಉತ್ತರಗಳನ್ನು ಕಪ್ಪುಹಲಗೆಯ ಮೇಲೆ ಬರೆದು, ಪ್ರತಿಯೊಂದನ್ನೂ ಪರೀಕ್ಷಿಸುವುದು. ನೀರಿನ ಕಣಗಳು ಒಂದೊಂದಾಗಿ, ನೂಲಿನ ಎಳೆಗಳ ನಡುವಿನ ಅತಿ ಸಣ್ಣ ಎಡೆಗಳ ಮೂಲಕ ಹೊರಬಂದು ಗಾಳಿಗೆ ಸೇರಿವೆ. ಅವು ನಾಶವಾಗಿಲ್ಲ ಎಂಬುದು ಸರಿಯಾದ ಉತ್ತರ.

ಇದೇ ಕ್ರಿಯೆಯು ರೈತರ ಆದಾಯವನ್ನೂ ನಿರ್ಧರಿಸುತ್ತದೆ. ಗೂಡು ತೂಕದ ಲೆಕ್ಕದಲ್ಲಿ ಮಾರಾಟವಾಗುವುದರಿಂದ, ತಡವಾದಷ್ಟೂ ತೂಕ ಕಡಿಮೆಯಾಗುತ್ತದೆ. ಹೆಚ್ಚು ದಿನ ಬಿಟ್ಟರೆ ಚಿಟ್ಟೆಯು ಗೂಡನ್ನು ತೂತು ಮಾಡಿ ಹೊರಬರುವುದರಿಂದ ಒಂದೇ ಎಳೆಯಾಗಿ ನೂಲು ಬಿಚ್ಚಲು ಬರುವುದಿಲ್ಲ. ಹುಳು ಚಂದ್ರಿಕೆಯಲ್ಲಿ ಗೂಡು ಕಟ್ಟುವಾಗ ಮನೆಯಲ್ಲಿ ಗಾಳಿಯಾಡದೆ ತೇವ ಉಳಿದರೂ ನೂಲು ಸರಿಯಾಗಿ ಬಿಚ್ಚುವುದಿಲ್ಲ. 1 ಕಿಲೋಗ್ರಾಂ ಕಚ್ಚಾ ರೇಷ್ಮೆಗೆ ಬೇಕಾಗುವ ಗೂಡಿನ ಪ್ರಮಾಣವನ್ನು ರೆಂಡಿಟ್ಟ ಎನ್ನುತ್ತಾರೆ. ನೂಲು ಸರಿಯಾಗಿ ಬಿಚ್ಚದಿದ್ದರೆ ಇದು ಹೆಚ್ಚುತ್ತದೆ, ಗೂಡಿನ ಬೆಲೆ ಇಳಿಯುತ್ತದೆ. ಆದುದರಿಂದ ಹುಳುಮನೆಯ ಕಿಟಕಿಯನ್ನು ತಂದೆತಾಯಿಯರು ಏಕೆ ತೆರೆದಿಡುತ್ತಾರೆ ಎಂಬುದನ್ನು ಮಕ್ಕಳು ಕಣಗಳ ಭಾಷೆಯಲ್ಲಿ ವಿವರಿಸುವಂತಾಗಬೇಕು.

4. ಚನ್ನಪಟ್ಟಣದ ಆಟಿಕೆ: ಒಣಗುವುದು ಬೇರೆ, ಮೆದುವಾಗುವುದು ಬೇರೆ

ಆಟಿಕೆಗೆ ಬಳಸುವ ಹಾಲೆ ಮರವನ್ನು ಕಡೆಯುವ ಮೊದಲು ಚೆನ್ನಾಗಿ ಒಣಗಿಸಲಾಗುತ್ತದೆ. ಮರದೊಳಗಿನ ನೀರು ಆವಿಯಾಗದೆ ಉಳಿದರೆ ಆಟಿಕೆಯು ನಂತರ ಒಣಗಿ ಕುಗ್ಗುತ್ತದೆ, ಬಿರುಕು ಬಿಡುತ್ತದೆ. ಅನಂತರ ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿದಾಗ, ತಿಕ್ಕಾಟದ ಶಾಖಕ್ಕೆ ಅರಗು ಮೆದುವಾಗಿ ಮರಕ್ಕೆ ಅಂಟುತ್ತದೆ. ತಣಿದಾಗ ಮತ್ತೆ ಗಟ್ಟಿಯಾಗುತ್ತದೆ.

ಮರದಿಂದ ನೀರು ಹೊರಹೋಗಿದೆ. ಅರಗಿನಿಂದ ಅಂತಹ ನಷ್ಟವಾಗಿಲ್ಲ, ಅದರ ಕಣಗಳ ಚಲನೆಯಷ್ಟೇ ಹೆಚ್ಚಿ ಮತ್ತೆ ತಗ್ಗಿದೆ. ಈ ವ್ಯತ್ಯಾಸವನ್ನು ಮಕ್ಕಳಿಂದಲೇ ಹೇಳಿಸುವುದು. ಮಂಜುಗಡ್ಡೆಯು 0 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುವಂತೆ ಅರಗಿಗೆ ಒಂದೇ ನಿರ್ದಿಷ್ಟ ಕರಗುವ ಬಿಂದು ಇಲ್ಲ. ಅದು ಕ್ರಮೇಣ ಮೆದುವಾಗುತ್ತದೆ ಎಂಬುದನ್ನೂ ತಿಳಿಸಬಹುದು.

5. ಕೆರೆ, ಜಲಾಶಯ ಮತ್ತು ಮಳೆ

ಮಾಗಡಿ ತಾಲ್ಲೂಕಿನ ಮಂಚನಬೆಲೆ ಜಲಾಶಯವು ಅರ್ಕಾವತಿ ನದಿಗೆ ಕಟ್ಟಿದ್ದು. ಇದೇ ನದಿಯು ಕನಕಪುರ ತಾಲ್ಲೂಕಿನ ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದೆ. ಬೇಸಿಗೆಯಲ್ಲಿ ಕೆರೆ, ಜಲಾಶಯಗಳ ಮಟ್ಟ ಇಳಿಯಲು ಬಳಕೆ ಮತ್ತು ಇಂಗುವಿಕೆಯ ಜೊತೆಗೆ ಆವಿಯಾಗುವಿಕೆಯೂ ಕಾರಣ. ವಿಸ್ತಾರವಾದ, ಆಳವಿಲ್ಲದ ಕೆರೆಯು ತನ್ನಲ್ಲಿರುವ ನೀರಿನ ಹೆಚ್ಚು ಪಾಲನ್ನು ಹೀಗೆ ಕಳೆದುಕೊಳ್ಳುತ್ತದೆ. ಏಕೆಂದರೆ ಆವಿಯಾಗುವುದು ಮೇಲ್ಮೈಯಿಂದ. ಗಾಳಿಗೆ ಸೇರಿದ ಕಣಗಳು ಎತ್ತರದಲ್ಲಿ ತಣಿದು, ಸಾಂದ್ರೀಕರಣಗೊಂಡು ಮೋಡವಾಗುತ್ತವೆ.

6. ತರಗತಿಯಲ್ಲಿ ಮಾಡಬಹುದಾದ ಚಟುವಟಿಕೆಗಳು

ಅ) ಸೂಜಿ ತೆಗೆದ ಹೊಸ ಸಿರಿಂಜಿನಲ್ಲಿ ಮೊದಲು ಗಾಳಿ, ನಂತರ ನೀರು ತುಂಬಿಸಿ, ತುದಿಯನ್ನು ಬೆರಳಿನಿಂದ ಮುಚ್ಚಿ ಒತ್ತುವುದು. ಗಾಳಿ ಕುಗ್ಗುತ್ತದೆ, ನೀರು ಕುಗ್ಗಿದಂತೆ ಕಾಣುವುದಿಲ್ಲ. ಕಣಗಳ ನಡುವಿನ ಅಂತರವನ್ನು ಇದರಿಂದ ತಿಳಿಸುವುದು.

ಆ) ಸಮ ಪ್ರಮಾಣದ ನೀರನ್ನು ತಟ್ಟೆಯಲ್ಲಿ ಹಾಗೂ ಲೋಟದಲ್ಲಿ ಹಾಕಿ ಒಂದೇ ಕಡೆ ಇಡುವುದು. ಇನ್ನೊಂದು ಅಂತಹುದೇ ತಟ್ಟೆಯನ್ನು ನೆರಳಿನಲ್ಲಿಡುವುದು. ಪ್ರತಿ ಗಂಟೆಗೊಮ್ಮೆ ತೂಕ ಬರೆದುಕೊಳ್ಳುವುದು.

ಇ) 200 ಗ್ರಾಂ ರಾಗಿಯನ್ನು ನೆನೆಸಿ, ನೀರು ಬಸಿದು ತೂಗುವುದು. ಅರ್ಧವನ್ನು ತೆಳುವಾಗಿ ಹರಡಿ, ಉಳಿದರ್ಧವನ್ನು ರಾಶಿಯಾಗಿ ಇಟ್ಟು ಸಂಜೆ ಮತ್ತೆ ತೂಗುವುದು. ಕಣದಲ್ಲಿ ಧಾನ್ಯವನ್ನು ಏಕೆ ಹರಡುತ್ತಾರೆ ಎಂದು ಕೇಳುವುದು.

ಈ) ಶಿಕ್ಷಕರು ನೀರನ್ನು ಕುದಿಸಿ ತಾಪಮಾನ ತೋರಿಸುವುದು. ಈ ನಾಲ್ಕು ಊರುಗಳು ಸಮುದ್ರಮಟ್ಟಕ್ಕಿಂತ ಎತ್ತರದಲ್ಲಿರುವುದರಿಂದ ನೀರು 100 ಡಿಗ್ರಿಗೆ ಬದಲಾಗಿ ಸುಮಾರು 97ರಿಂದ 98 ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ಕುದಿಯುತ್ತದೆ. ಕಂಡ ಅಳತೆಯನ್ನೇ ಬರೆದ ವಿದ್ಯಾರ್ಥಿಯ ಉತ್ತರವನ್ನು ತಪ್ಪೆಂದು ಪರಿಗಣಿಸಬಾರದು.

7. ಸಾಮಾನ್ಯ ತಪ್ಪು ತಿಳಿವಳಿಕೆಗಳು

- ಕುದಿಯುವ ನೀರಿನ ಗುಳ್ಳೆಗಳಲ್ಲಿ ಇರುವುದು ಗಾಳಿ: ಸರಿಯಲ್ಲ. ಆರಂಭದ ಸಣ್ಣ ಗುಳ್ಳೆಗಳು ಕರಗಿದ್ದ ಗಾಳಿಯವು; ಕುದಿಯುವಾಗಿನ ಗುಳ್ಳೆಗಳು ನೀರಿನ ಆವಿಯವು.
- ಬಿಸಿ ಮಾಡಿದಾಗ ಕಣಗಳೇ ಉಬ್ಬುತ್ತವೆ: ಸರಿಯಲ್ಲ. ಕಣಗಳ ಚಲನೆ ಮತ್ತು ಸಾಮಾನ್ಯವಾಗಿ ಅವುಗಳ ನಡುವಿನ ಅಂತರ ಹೆಚ್ಚುತ್ತದೆ.
- ಪಾತ್ರೆಯ ಮೇಲೆ ಕಾಣುವ ಬಿಳಿ ಹೊಗೆಯೇ ಆವಿ: ಸರಿಯಲ್ಲ. ನೀರಿನ ಆವಿ ಕಣ್ಣಿಗೆ ಕಾಣದು. ಕಾಣುವುದು ಸೂಕ್ಷ್ಮ ನೀರಹನಿಗಳು.
- ಬಿಸಿಲಿದ್ದರೆ ಮಾತ್ರ ನೀರು ಆವಿಯಾಗುತ್ತದೆ: ಸರಿಯಲ್ಲ. ನೆರಳಿನಲ್ಲಿಯೂ, ರಾತ್ರಿಯಲ್ಲಿಯೂ ಬಟ್ಟೆ ಒಣಗುತ್ತದೆ.

8. ಕ್ಷೇತ್ರ ಭೇಟಿ ಹಾಗೂ ಮುನ್ನೆಚ್ಚರಿಕೆ

ಗೂಡಿನ ಮಾರುಕಟ್ಟೆ, ನೂಲು ಬಿಚ್ಚುವ ಘಟಕ ಅಥವಾ ಆಟಿಕೆ ತಯಾರಿಕಾ ಸ್ಥಳಕ್ಕೆ ಭೇಟಿ ನೀಡಲು ಇಚ್ಛಿಸುವ ಶಾಲೆಗಳು ಮುಖ್ಯ ಶಿಕ್ಷಕರ ಮೂಲಕ ಮುಂಚಿತವಾಗಿ ಲಿಖಿತ ಮನವಿ ಸಲ್ಲಿಸುವುದು ಒಳಿತು. ಮನವಿಯಲ್ಲಿ ತರಗತಿ, ವಿದ್ಯಾರ್ಥಿಗಳ ಸಂಖ್ಯೆ, ಭೇಟಿಯ ದಿನಾಂಕ ಮತ್ತು ಜೊತೆಯಲ್ಲಿರುವ ಶಿಕ್ಷಕರ ವಿವರವನ್ನು ನಮೂದಿಸುವುದು. ಪೋಷಕರ ಒಪ್ಪಿಗೆಯನ್ನೂ ಪಡೆಯುವುದು.

ಗೂಡು ಬೇಯಿಸುವ ಬಿಸಿನೀರಿನ ತೊಟ್ಟಿ ಹಾಗೂ ತಿರುಗುವ ಯಂತ್ರಗಳಿಂದ ಮಕ್ಕಳನ್ನು ದೂರವಿಡುವುದು. ಭೇಟಿಯು ವೀಕ್ಷಣೆಗೆ ಮಾತ್ರ. ಯಾವುದೇ ಕಾರಣಕ್ಕೂ ಮಕ್ಕಳಿಂದ ಕೆಲಸ ಮಾಡಿಸಬಾರದು. ಮನೆಯಲ್ಲಿ ಗೂಡು ಅಥವಾ ರಾಗಿಯನ್ನು ತೂಗುವಾಗ ಮಕ್ಕಳನ್ನು ಹತ್ತಿರ ಕರೆದು ತೂಕ ಓದಿಸಿ, ಒಣಗಿದ ನಂತರದ ತೂಕವನ್ನೂ ಬರೆಸುವಂತೆ ಪೋಷಕರಲ್ಲಿ ಕೋರಲಾಗಿದೆ.