ತಳ್ಳೋಕೆ ನಾವು, ಹಗ್ಗ ಹಿಡಿಯೋರು ಯಾರು?



ಬಾಬ್‌ಸ್ಲೆಡ್ ಅನ್ನೋ ಆಟವನ್ನ ನಮ್ಮಲ್ಲಿ ಬಹಳ ಜನ ನೋಡಿರಲ್ಲ. ಮಂಜುಗಡ್ಡೆಯ ಕಾಲುವೆಯಂಥ ಇಳಿಜಾರಿನಲ್ಲಿ ಜಾರುವ ಬಂಡಿ. ನಾಲ್ಕು ಜನರ ಬಂಡಿಯಾದರೆ ನಾಲ್ವರೂ ಸುಮಾರು 50 ಮೀಟರ್ ಓಡುತ್ತಾ ತಳ್ಳಿ, ಒಬ್ಬೊಬ್ಬರಾಗಿ ಹಾರಿ ಕೂರ್ತಾರೆ. ಆಮೇಲೆ ವೇಗ ಗಂಟೆಗೆ 130 ಕಿ.ಮೀ. ದಾಟುತ್ತೆ. ಮುಂದೆ ಕೂತವರು ಪೈಲಟ್, ಎರಡು ಹಗ್ಗ ಎಳೆದು ದಿಕ್ಕು ತಿರುಗಿಸೋರು. ಕೊನೆಯವರು ಬ್ರೇಕ್ ಹಾಕೋರು. ನಡುವಿನವರು ತಳ್ಳಿದ ಮೇಲೆ ತಲೆ ತಗ್ಗಿಸಿ ಕೂತಿರಬೇಕು, ಅಷ್ಟೇ.

ಯಾರು ತಳ್ಳಬೇಕು, ಯಾರು ಹಗ್ಗ ಹಿಡಿಯಬೇಕು ಅನ್ನೋ ಪ್ರಶ್ನೆ ಎಲ್ಲಿ ಬಂದರೂ ಅದು ನಮ್ಮ ವಿಷಯ. ಅದಕ್ಕೇ ಈ ಬರಹ.

ಈ ಆಟ ಹುಟ್ಟಿದ್ದು 19ನೇ ಶತಮಾನದ ಕೊನೆಗೆ, ಸ್ವಿಟ್ಜರ್ಲೆಂಡಿನ ಸೇಂಟ್ ಮೊರಿಟ್ಜ್‌ನಲ್ಲಿ. ಚಳಿಗಾಲ ಕಳೆಯೋಕೆ ದೊಡ್ಡ ಹೋಟೆಲುಗಳಿಗೆ ಬರ್ತಿದ್ದ ಶ್ರೀಮಂತ ಇಂಗ್ಲಿಷರ ಮೋಜು. 1924ರಲ್ಲಿ ಮೊದಲ ಚಳಿಗಾಲದ ಒಲಿಂಪಿಕ್ಸ್‌ಗೇ ಸೇರಿತು.

1932ರ ಒಲಿಂಪಿಕ್ಸ್ ನಡೆದದ್ದು ಅಮೆರಿಕದ ಲೇಕ್ ಪ್ಲಾಸಿಡ್‌ನಲ್ಲಿ. ಅದನ್ನ ಊರಿಗೆ ತಂದವರು ಗಾಡ್‌ಫ್ರೆ ಡ್ಯೂಯಿ. ಲೈಬ್ರರಿ ಪುಸ್ತಕಗಳ ಬೆನ್ನಿಗೆ ನಂಬರ್ ಹಾಕೋ ಪದ್ಧತಿ ತಂದ ಮೆಲ್ವಿಲ್ ಡ್ಯೂಯಿಯ ಮಗ. (ಬಾಬಾಸಾಹೇಬರ ಗುರು ಜಾನ್ ಡ್ಯೂಯಿ ಬೇರೆ, ಇವರು ಬೇರೆ.) ಈ ಮೆಲ್ವಿಲ್ ಡ್ಯೂಯಿ ಅಲ್ಲಿ ಒಂದು ಕ್ಲಬ್ ಕಟ್ಟಿದ್ದರು. ಯಹೂದಿಗಳಿಗೆ ಪ್ರವೇಶ ಇಲ್ಲ. ಕಪ್ಪು ಜನ ಇರಬಹುದು, ಆದರೆ ಆಳುಗಳಾಗಿ ಮಾತ್ರ. 1905ರಲ್ಲಿ ಯಹೂದಿ ನಾಯಕರು ದೂರು ಕೊಟ್ಟ ಮೇಲೆ ಡ್ಯೂಯಿ ನ್ಯೂಯಾರ್ಕ್ ರಾಜ್ಯದ ಗ್ರಂಥಪಾಲಕ ಹುದ್ದೆ ಬಿಡಬೇಕಾಯ್ತು. ಕ್ಲಬ್ಬಿನ ಬಾಗಿಲು ಮಾತ್ರ ತೆರೆಯಲಿಲ್ಲ. ಜ್ಞಾನಕ್ಕೆಲ್ಲ ನಂಬರ್ ಕೊಟ್ಟವರು ಮನುಷ್ಯರಿಗೂ ನಂಬರ್ ಕೊಟ್ಟರು!

48 ವರ್ಷ ಕಳೆದು, 1980ರಲ್ಲಿ, ಅದೇ ಲೇಕ್ ಪ್ಲಾಸಿಡ್‌ನಲ್ಲಿ ವಿಲ್ಲಿ ಡ್ಯಾವನ್‌ಪೋರ್ಟ್ ಮತ್ತು ಜೆಫ್ ಗ್ಯಾಡ್ಲಿ ಅಮೆರಿಕದ ಬಾಬ್‌ಸ್ಲೆಡ್ ತಳ್ಳಿದರು. ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಪರ ಆಡಿದ ಮೊದಲ ಕಪ್ಪು ಆಟಗಾರರು. ಡ್ಯಾವನ್‌ಪೋರ್ಟ್ 1968ರಲ್ಲಿ ಹರ್ಡಲ್ಸ್ ಚಿನ್ನ ಗೆದ್ದವರು. ಓಟದ ಕಾಲು ಬೇಕಿತ್ತು, ಕರೆದರು. ಹಗ್ಗ ಬಿಳಿಯರ ಕೈಯಲ್ಲೇ ಇತ್ತು.

1988ರ ಜಮೈಕಾ ತಂಡದ ಕಥೆ ಸಿನಿಮಾ ಆಗಿದೆ, ಅದನ್ನ ನೋಡಿ ನಕ್ಕವರು ಬಹಳ. ನಾನು ಅದರಲ್ಲಿ ನೋಡೋದು ಬೇರೆ. ಆ ಬಂಡಿಯ ಹಗ್ಗ ಹಿಡಿದದ್ದು ಡಡ್ಲಿ ಸ್ಟೋಕ್ಸ್, ಜಮೈಕಾ ಸೇನೆಯ ಹೆಲಿಕಾಪ್ಟರ್ ಪೈಲಟ್. ಬಂಡಿ ಮಗುಚಿತು, ನಿಜ. ಸಿನಿಮಾದಲ್ಲಿ ತೋರಿಸಿದ ಹಾಗೆ ಅದನ್ನ ಹೆಗಲ ಮೇಲೆ ಹೊರಲಿಲ್ಲ, ಪಕ್ಕದಲ್ಲಿ ನಡೆದುಕೊಂಡು ಬಂದರು. 1993ರಲ್ಲಿ ಸಿನಿಮಾ ಬಂತು. ಮರುವರ್ಷವೇ ಲಿಲ್ಲೆಹ್ಯಾಮರ್‌ನಲ್ಲಿ ಜಮೈಕಾ 14ನೇ ಸ್ಥಾನಕ್ಕೆ ಬಂತು, ಅಮೆರಿಕವನ್ನೂ ಹಿಂದೆ ಹಾಕಿ! ಬಿದ್ದದ್ದು ಜಗತ್ತಿಗೇ ಗೊತ್ತು, ಗೆದ್ದದ್ದು ಎಷ್ಟು ಜನಕ್ಕೆ ಗೊತ್ತು?

ಹೆಂಗಸರಿಗೆ ಒಲಿಂಪಿಕ್ಸ್ ಬಾಬ್‌ಸ್ಲೆಡ್ ಸಿಕ್ಕಿದ್ದೇ 2002ರಲ್ಲಿ. ಆ ಮೊದಲ ಸ್ಪರ್ಧೆಯಲ್ಲೇ ಅಲಬಾಮಾದ ವೊನೆಟ್ಟಾ ಫ್ಲವರ್ಸ್ ಚಿನ್ನ ಗೆದ್ದರು. ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಮೊದಲ ಕಪ್ಪು ವ್ಯಕ್ತಿ, ಗಂಡಸರನ್ನೂ ಸೇರಿಸಿ. ಅವರ ಜಾಗ ಹಿಂದಿನದು, ಬ್ರೇಕ್.

ಎಲಾನಾ ಮೆಯರ್ಸ್ ಟೇಲರ್ ಕೂಡ 2010ರಲ್ಲಿ ಬ್ರೇಕ್ ಜಾಗದಲ್ಲೇ ಕಂಚು ಗೆದ್ದರು. ಆಮೇಲೆ ಹಿಂದೆ ಕೂರಲಿಲ್ಲ, ಪೈಲಟಿಂಗ್ ಕಲಿತರು. 2014, 2018ರಲ್ಲಿ ಪೈಲಟ್ ಆಗಿಯೇ ಬೆಳ್ಳಿ. 2022ರ ಬೀಜಿಂಗ್‌ನಲ್ಲಿ ಮೊದಲ ಸಲ ಒಬ್ಬರೇ ಆಡುವ ಮೊನೊಬಾಬ್ ಬಂತು. ಎಲ್ಲರಿಗೂ ಒಂದೇ ಮಾದರಿಯ ಬಂಡಿ. ತಳ್ಳೋದೂ ನಾನೇ, ಹಗ್ಗ ಹಿಡಿಯೋದೂ ನಾನೇ, ಬ್ರೇಕ್ ಹಾಕೋದೂ ನಾನೇ. ಅದರಲ್ಲೂ ಬೆಳ್ಳಿ!

ನಮ್ಮ ಸಭೆಗಳಲ್ಲೂ ಬ್ಯಾನರ್ ಕಟ್ಟೋಕೆ, ಕುರ್ಚಿ ಜೋಡಿಸೋಕೆ ಯಾರನ್ನ ಕರೀತಾರೆ, ಮೈಕ್ ಯಾರಿಗೆ ಕೊಡ್ತಾರೆ, ಸ್ವಲ್ಪ ಯೋಚಿಸಿ. ಒಳಗೆ ಸೇರಿಸಿಕೊಂಡ್ರಲ್ಲ ಅಂತ ಸಮಾಧಾನ ಪಡೋದು ಸಾಲದು. ಕೂರಿಸಿದ್ದು ಎಲ್ಲಿ ಅಂತಲೂ ಕೇಳಬೇಕು.

ಮಕ್ಕಳಿಗೆ ಆ ಜಮೈಕಾ ಸಿನಿಮಾ ತೋರಿಸಿದರೆ, ಮುಗಿದ ಮೇಲೆ ಮುಂದಿನ ಕಥೆಯನ್ನೂ ಹೇಳಿ.

ಜೈ ಭೀಮ್.