ಸಾವಿನ ಚಿತ್ರ, ಮರದ ಅಚ್ಚು

ಮುದ್ರಣವೆಂದೊಡನೆ ನಮಗೆ ಅಕ್ಷರ ನೆನಪಾಗುತ್ತದೆ; ಚಿತ್ರ ನೆನಪಾಗುವುದು ಕಡಿಮೆ. ಆದರೆ ಚಿತ್ರವನ್ನು ಅಚ್ಚಿಗಿಳಿಸುವ ಕಲೆಗೆ ಅದರದೇ ಆದ ದೊಡ್ಡ ಚರಿತ್ರೆಯಿದೆ.

ಫ್ಲಾರೆನ್ಸಿನಲ್ಲಿ 1610ರಲ್ಲಿ ಹುಟ್ಟಿದ ಸ್ಟೆಫಾನೊ ಡೆಲ್ಲಾ ಬೆಲ್ಲಾ ಸಾವಿರಕ್ಕೂ ಹೆಚ್ಚು ಅಚ್ಚುಚಿತ್ರಗಳನ್ನು ರಚಿಸಿದ ಕಲಾವಿದ. ಪ್ಯಾರಿಸ್ಸಿನಲ್ಲಿದ್ದಾಗ, ಸುಮಾರು 1648ರಲ್ಲಿ, ಸಾವನ್ನು ಕುರಿತು ಐದು ಚಿತ್ರಗಳ ಮಾಲೆಯನ್ನು ಮಾಡಿದ. ಒಂದರಲ್ಲಿ ಎಲುಬಿನ ಹಂದರವೊಂದು ಮಗುವನ್ನು ಹೊತ್ತು ದಾಪುಗಾಲಿಡುತ್ತದೆ. ಹಿನ್ನೆಲೆಯಲ್ಲಿ ಪ್ಯಾರಿಸ್ಸಿನ ಸ್ಮಶಾನ. 1630ರ ಪ್ಲೇಗು ಫ್ಲಾರೆನ್ಸಿಗೆ ಬಂದಾಗ ಅವನಿಗೆ ಇಪ್ಪತ್ತು ವರ್ಷ.

ಈ ವಿಧಾನಕ್ಕೆ ಎಚಿಂಗ್ ಎಂದು ಹೆಸರು. ತಾಮ್ರದ ತಗಡಿಗೆ ಮೇಣ, ರಾಳಗಳ ಲೇಪ ಹಚ್ಚಿ, ಹೊಗೆ ಹಿಡಿಸಿ ಕಪ್ಪಾಗಿಸುತ್ತಾರೆ. ಸೂಜಿಯಿಂದ ಗೀಚಿದಲ್ಲಿ ಲೇಪ ಹೋಗಿ ತಾಮ್ರ ಹೊಳೆಯುತ್ತದೆ. ತಗಡನ್ನು ಆಮ್ಲಕ್ಕೊಡ್ಡಿದರೆ ಆ ಗೆರೆಗಳನ್ನಷ್ಟೇ ಆಮ್ಲ ತಿನ್ನುತ್ತದೆ. ಬಳಿಕ ಮಸಿ ತುಂಬಿ, ಮೇಲ್ಮೈ ಒರೆಸಿ, ಒದ್ದೆಯ ಕಾಗದವನ್ನಿಟ್ಟು ಯಂತ್ರದಲ್ಲಿ ಒತ್ತಿದರೆ ಚಿತ್ರ ತಿರುಗುಮುರುಗಾಗಿ ಮೂಡುತ್ತದೆ. ಕಾಗದವೆಂದರೆ ನಮ್ಮ ಸೀಮೆಯವರಿಗೆ ದಾಂಡೇಲಿ. 1955ರಲ್ಲಿ ಸ್ಥಾಪನೆಯಾದ ಅಲ್ಲಿನ ಕಾರ್ಖಾನೆ ಸುತ್ತಣ ಕಾಡಿನ ಬಿದಿರನ್ನು ಅರೆದು ಕಾಗದ ಮಾಡಿತು. ಡೆಲ್ಲಾ ಬೆಲ್ಲಾನ ಕಾಲದ ಕಾಗದವಾದರೋ ಹಳೆಯ ಬಟ್ಟೆಯ ಚಿಂದಿಯಿಂದಾದದ್ದು. ನೆನೆದು ಮೆತ್ತಗಾದ ಹಾಳೆ ಗೆರೆಯ ಆಳಕ್ಕೆ ಇಳಿದು ಮಸಿಯನ್ನೆತ್ತಿ ತರುತ್ತಿತ್ತು.

ಸಾವಿನ ಆರನೆಯ ಚಿತ್ರವನ್ನೂ ಅವನು ಆರಂಭಿಸಿದ್ದ. ಅದು ಮುಗಿಯುವ ಮುನ್ನ, 1664ರಲ್ಲಿ, ತಾನೇ ತೀರಿಕೊಂಡ. ಉಳಿದುದನ್ನು ಗಲೆಸ್ಟ್ರೂಝಿ ಎಂಬವನು ಪೂರೈಸಿದ. ಅಚ್ಚುಚಿತ್ರದ ಹೆಚ್ಚುಗಾರಿಕೆ ನನಗೆ ಕಾಣುವುದು ಇಲ್ಲಿಯೇ: ಅದಕ್ಕೆ ಒಂದೇ ದೇಹವಿಲ್ಲ. ಮಾಡಿದವನು ಹೋಗಬಹುದು, ತಗಡು ಸವೆಯಬಹುದು. ಹರಡಿದ ಹಾಳೆಗಳೆಲ್ಲವನ್ನೂ ಹಿಡಿಯಲು ಸಾವಿಗೂ ಸುಲಭವಲ್ಲ.

ಈ ಮಾತಿಗೆ ಸಾಕ್ಷಿ ನಮ್ಮ ಮಗ್ಗುಲಲ್ಲೇ, ಮುಂಡಗೋಡದಲ್ಲಿದೆ. 1966ರಲ್ಲಿ ಅಲ್ಲಿ ನೆಲೆಯೂರಿದ ಟಿಬೆಟಿನ ನಿರಾಶ್ರಿತರ ನಡುವೆ ಗಂಡೆನ್, ಡ್ರೆಪುಂಗ್ ವಿಹಾರಗಳು ಮರುಹುಟ್ಟು ಪಡೆದವು. ಡ್ರೆಪುಂಗ್ ಲೋಸೆಲಿಂಗಿನ ಭಿಕ್ಷುಗಳ ಮುಖವಾಡದ ಕುಣಿತದಲ್ಲಿಯೂ ಎಲುಬಿನ ಹಂದರಗಳು ಬರುತ್ತವೆ. ಅವು ಸ್ಮಶಾನದ ಒಡೆಯರು. ಇಟಲಿಯವನ ಸಾವು ಕಸಿಯುತ್ತದೆ. ಇವು ಕುಣಿದು, ಯಾವುದೂ ನಿಲ್ಲದೆಂದು ನೆನಪಿಸುತ್ತವೆ.

ಟಿಬೆಟಿನಲ್ಲಿ ಗ್ರಂಥಗಳ ಮುದ್ರಣ ಮರದ ಹಲಗೆಗಳಿಂದ. ಇಲ್ಲಿ ಆಮ್ಲವಿಲ್ಲ, ಯಂತ್ರವೂ ಇಲ್ಲ. ಅಕ್ಷರಗಳನ್ನು ತಿರುಗುಮುರುಗಾಗಿ ಉಬ್ಬಿಸಿ ಕೆತ್ತಿ, ಮಸಿ ಬಳಿದು, ಕಾಗದವಿಟ್ಟು ತಿಕ್ಕುತ್ತಾರೆ. ಒಂದು ಪುಟಕ್ಕೊಂದು ಕೆತ್ತನೆ. ಒಂದು ಗ್ರಂಥಕ್ಕೆ ಕೋಣೆ ತುಂಬುವಷ್ಟು ಹಲಗೆ. 1959ರಲ್ಲಿ ಹಿಮಾಲಯ ದಾಟಿ ಬಂದವರು ಅಂಥ ಹೊರೆಯನ್ನು ಹೇಗೆ ಹೊತ್ತಾರು? ನಾರ್ಥಂಗ್ ವಿಹಾರದಲ್ಲಿ 1730ರ ದಶಕದ ಆರಂಭದಲ್ಲಿ ಕೆತ್ತಿದ್ದ ಬುದ್ಧವಚನ ಸಂಗ್ರಹದ ಹಲಗೆಗಳು ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ ನಾಶವಾದವು. ಆದರೆ ಅವುಗಳಿಂದ ತೆಗೆದ ಪ್ರತಿಯೊಂದು ಅದಕ್ಕೆ ನೂರಕ್ಕೂ ಹೆಚ್ಚು ವರ್ಷ ಮೊದಲೇ ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿ ಸೇರಿತ್ತು. ಹಂಗೇರಿಯ ವಿದ್ವಾಂಸ ಚೋಮ ಡಿ ಕೊರೋಸ್ 1830ರ ದಶಕದಲ್ಲಿ ಪ್ರಕಟಿಸಿದ ವಿವರಣೆ ಆ ಪ್ರತಿಯದು.

ಟಿಬೆಟಿನ ಪೋಥಿಯ ಹಾಳೆ ಅಗಲ ಕಡಿಮೆಯಾಗಿ ಉದ್ದವಾಗಿರುತ್ತದೆ; ಹೊಲಿಗೆಯಿಲ್ಲ. ಆ ಆಕಾರ ನಮ್ಮ ಓಲೆಗರಿಯಿಂದ ಹೋದದ್ದು. ಇಂದು ಕಂಪ್ಯೂಟರಿನಲ್ಲಿ ಜೋಡಿಸಿ ಮುದ್ರಿಸಿದ ಗ್ರಂಥಗಳೂ ಅದೇ ಉದ್ದನೆಯ ಬಿಡಿಹಾಳೆಗಳಲ್ಲಿ, ಬಟ್ಟೆಯಲ್ಲಿ ಸುತ್ತಿ, ಬರುವುದುಂಟು.